ಸರಿಯುವ ಸೀಟು

ನನ್ನ ಸೋದರಮಾವ ಇದುವರೆಗೆ ಒಂದೇ ಒಂದು ಕಾರನ್ನೂ ಹೊರಗಿನಿಂದ ನೋಡಿಲ್ಲ! ನೀವು ನಂಬುವುದಿಲ್ಲ, ಗೊತ್ತು. ಆದರೆ ನಮ್ಮ ಮನೆಯೆದುರು ವರ್ಷಗಟ್ಟಲೆ ನಿಂತಿದ್ದ ಕಾರಿನ ಬಣ್ಣ ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಅದೇ ಕಾರಿನ ಹಿಂದಿನ ಸೀಟಿನ ಹೊಲಿಗೆ ಎಲ್ಲಿ ಬಿಟ್ಟಿದೆ, ಗೇರಿನ ಗುಂಡಿನ ಮೇಲೆ ಯಾವ ಅಂಕಿ ಅಳಿಸಿದೆ ಎಂದು ಕೇಳಿ, ನಿದ್ದೆಗಣ್ಣಲ್ಲೂ ಹೇಳಿಯಾನು. ಸಿದ್ದಾಪುರದ ಪೇಟೆಯಲ್ಲಿ ಅವನು ಹಲ್ಲಿನ ಡಾಕ್ಟರು. ಬಹುಶಃ ಅದಕ್ಕೇ ಇರಬೇಕು, ಎದುರಿಗೆ ಬಂದದ್ದು ಮನುಷ್ಯನಾಗಲಿ ಕಾರಾಗಲಿ, ತೆರೆಸಿ ಒಳಗೆ ಇಣುಕದೆ ಅವನಿಗೆ ಸಮಾಧಾನವಿಲ್ಲ.

ಅವನ ಚಟ ಇಷ್ಟು. ಅಂಗೈಯುದ್ದದ ಆಟಿಕೆ ಕಾರು ತರುವುದು, ಹಲ್ಲು ಕೊರೆಯುವ ಡ್ರಿಲ್ಲಿನಿಂದಲೇ ಅದರ ತಳ ಬಿಚ್ಚುವುದು, ಒಳಗಿದ್ದ ಪ್ಲಾಸ್ಟಿಕ್ಕನ್ನೆಲ್ಲ ಎಸೆದು ಹೊಸದಾಗಿ ತಾನೇ ಮಾಡುವುದು. ಅದೂ ಯಾವುದೋ ಕಾರಿನ ಒಳಗಲ್ಲ, ನೆಂಟರಿಷ್ಟರಲ್ಲಿ ಯಾರದಾದರೊಬ್ಬರ ಕಾರಿನದು, ಇದ್ದದ್ದು ಇದ್ದ ಹಾಗೆ. ಹಳೆ ಕೊಡೆಯ ಬಟ್ಟೆಯಿಂದ ಸೀಟು, ಮದುವೆ ಕಾಗದದ ರಿಬ್ಬನ್ನಿನಿಂದ ಬೆಲ್ಟು, ಗುಂಡುಸೂಜಿಯ ತಲೆಯಿಂದ ಗೇರಿನ ಗುಂಡು, ಮಾತ್ರೆ ಹಾಳೆಯ ಬೆಳ್ಳಿಕಾಗದದಿಂದ ಕನ್ನಡಿ. ಒಮ್ಮೆ ನನ್ನ ದವಡೆ ಹಲ್ಲಿಗೆ ತುಂಬಲು ಕಲಸಿದ ಸಿಮೆಂಟಿನಲ್ಲಿ ಚೂರು ಉಳಿಯಿತೆಂದು, ನಾನು ಬಾಯಿ ತೆರೆದುಕೊಂಡು ಕೂತಿರುವಾಗಲೇ ಆಚೆ ಮೇಜಿಗೆ ಹೋಗಿ ಯಾರದೋ ಕಾರಿನ ಹ್ಯಾಂಡ್‌ಬ್ರೇಕು ಮಾಡಿ ಬಂದ! ಆ ಹ್ಯಾಂಡ್‌ಬ್ರೇಕು ಈಗಲೂ ಗಟ್ಟಿಯಾಗಿದೆ. ನನ್ನ ಹಲ್ಲಿನದು ಆ ಮಳೆಗಾಲಕ್ಕೇ ಉದುರಿಹೋಯಿತು.

ಇಷ್ಟು ಮಾಡಿ ಕೊನೆಗೇನು? ಮೇಲಿನ ಕವಚ ಕೂರಿಸಿ ಗೋಂದು ಹಾಕಿಬಿಡುತ್ತಾನೆ! ಆಮೇಲೆ ಉಗುರಿನಗಲದ ಆ ಕಿಟಕಿಯಲ್ಲಿ ಕಾಣುವುದು ಬರೀ ಕತ್ತಲೆ. ಸಾಲದ್ದಕ್ಕೆ, ಡ್ರೈವರನ ಸೀಟು ಹಿಂದೆ ಮುಂದೆ ಸರಿಯಲೂ ಬೇಕು. ಅದಕ್ಕೆ ಸ್ಟೇಪ್ಲರ್ ಪಿನ್ನಿನ ಹಳಿಗಳು. ಒಂದು ಹಳಿ ಸೊಟ್ಟಗಾಯಿತೆಂದರೆ ಅವತ್ತು ಬಂದವರ ಹಲ್ಲುನೋವು ನಾಳೆಗೆ ಹೋಯಿತೆಂದೇ ಲೆಕ್ಕ. ನನ್ನ ಆಯಿ, ಎಂದರೆ ಅಮ್ಮ, ಅವನಿಗೆ ಸ್ವಂತ ಅಕ್ಕ. ಒಂದು ದಿನ ಅವಳಿಗೂ ತಡೆಯಲಿಲ್ಲ.

"ಕೂತ್ಕಂಬವ್ವು ಯಾರೂ ಇಲ್ಲೆ, ಈ ಸೀಟು ಎಂತಕ್ಕೆ ಸರಿಯವು?" ಎಂದಳು.

"ನಿಜವಾದ್ರಲ್ಲಿ ಸರೀತು ಅಲ್ದನೇ ಅಕ್ಕಾ," ಎಂದ ಮಾವ, ತಲೆಯೆತ್ತದೆ.

ಇದ್ದದ್ದು ಇದ್ದ ಹಾಗೆ ಎನ್ನುವುದು ಎಷ್ಟು ಅಪಾಯಕಾರಿ ಎಂದು ಗೊತ್ತಾದದ್ದು ಶಿರಸಿಯ ನೆಂಟರೊಬ್ಬರ ಗೃಹಪ್ರವೇಶದಲ್ಲಿ. ಮಾವ ಅವರ ಕಾರನ್ನೇ ಮಾಡಿ ಉಡುಗೊರೆ ತಂದಿದ್ದ. ಗೋಂದು ಹಾಕುವ ಮೊದಲು ಎಲ್ಲರೂ ಒಳಗೆ ನೋಡಲಿ ಎಂದು ಕವಚ ಎತ್ತಿ ಹಿಡಿದ. ಬೂದಿ ಹಾಕುವ ಪುಟ್ಟ ಗೂಡಿನಲ್ಲಿ ಸಿಗರೇಟಿನ ಮೋಟುಗಳೆರಡು! ಆ ನೆಂಟರು ಸಿಗರೇಟು ಬಿಟ್ಟಿದ್ದೇನೆಂದು ಹೆಂಡತಿಯ ತಲೆ ಮುಟ್ಟಿ ಆಣೆ ಹಾಕಿದ್ದರಂತೆ. ಹೆಂಡತಿ ಮೋಟನ್ನೂ ಗಂಡನನ್ನೂ ಒಂದೊಂದು ಸಲ ನೋಡಿ ಒಳಗೆ ಹೋದರು. ಅವತ್ತು ಊಟಕ್ಕೆ ಬಡಿಸುವಾಗ ಆ ಮನುಷ್ಯನ ಎಲೆಗೆ ಪಾಯಸ ಬೀಳಲಿಲ್ಲ. ಅಲ್ಲಿಂದೀಚೆಗೆ ಅವರು ಹಲ್ಲು ನೋವೆಂದರೆ ಹುಬ್ಬಳ್ಳಿಗೆ ಹೋಗುತ್ತಾರೆ.

ಇನ್ನು ನಮ್ಮ ಕಾರಿನ ವಿಷಯ. ಯಲ್ಲಾಪುರದ ಹೆದ್ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನನ್ನ ಅಪ್ಪಯ್ಯನ ಹತ್ತಿರ ಒಂದು ಹಳೆಯ ಮಾರುತಿ ಇತ್ತು. ಅದರಲ್ಲಿ ಅಪ್ಪಯ್ಯನ ಹೊಟ್ಟೆಯೇ ಒಬ್ಬ ಪ್ರತ್ಯೇಕ ಪ್ರಯಾಣಿಕ! ಸೀಟನ್ನು ಕೊನೆಯ ತನಕ ಹಿಂದೆ ತಳ್ಳಿದರೂ ಸ್ಟೇರಿಂಗು ಹೊಟ್ಟೆಗೆ ತಾಗುತ್ತಿತ್ತು. ಅವನ ಹಿಂದೆ ಕೂತವರು ಮೊಣಕಾಲನ್ನು ಗಲ್ಲಕ್ಕೆ ತಂದುಕೊಳ್ಳಬೇಕಿತ್ತು. ಮಾವ ಬಂದಾಗಲೆಲ್ಲ ಅಳತೆಪಟ್ಟಿ ಹಿಡಿದು ಒಳಗೆ ನುಗ್ಗುವವನೇ. ಅಪ್ಪಯ್ಯ ಮಾತ್ರ, ಈಗ ಬೇಡ ಮಾರಾಯ, ಹೊಟ್ಟೆ ಸ್ವಲ್ಪ ಕರಗಲಿ, ಆಮೇಲೆ ಮಾಡು ಎಂದು ಓಡಿಸುತ್ತಿದ್ದ. ಮನುಷ್ಯರನ್ನು ತಾನು ಮಾಡುವುದೇ ಇಲ್ಲ, ಬರೀ ಕಾರು ಎಂದು ಮಾವ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಹೊಟ್ಟೆ ಕರಗಲೇ ಇಲ್ಲ. ಹೋದ ವರ್ಷ, ಅಂಗಡಿಯ ಶಟರು ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ.

ಅಂಗಳದಲ್ಲಿ ಮಾರುತಿಗೆ ತುಕ್ಕು ಹಿಡಿಯತೊಡಗಿತು. ಮಾರೋಣವೇ ಎಂದು ಕೇಳಿದೆ, ಆಯಿ ಹೂಂ ಎಂದಳು. ಕೊಳ್ಳಲು ಹಾವೇರಿ ಕಡೆಯವರೊಬ್ಬರು ಬಂದರು. ಮಾವನೂ ಬಂದಿದ್ದ. ಬಂದವನು ಅಕ್ಕನ ಹತ್ತಿರ ಕೂತು ಎರಡು ಮಾತಾಡಬೇಕೋ ಬೇಡವೋ? ಸೀದಾ ಕಾರಿನೊಳಗೆ ಹೋಗಿ ಅಳೆಯತೊಡಗಿದ! ನನಗೆ ಮೈಯೆಲ್ಲ ಉರಿಯಿತು. ಅವನನ್ನು ಇಳಿಸಿ ಆ ಗಿರಾಕಿಯನ್ನು ಕೂರಿಸಿದೆ. ಅವರು ಕುಳ್ಳಗಿದ್ದರು.

"ಕಾಲ ಮುಟ್ಟವಲ್ವುರಿ," ಎಂದವರು ಸೀಟಿನ ಕೆಳಗೆ ಕೈಹಾಕಿ ಸರಿಸುವ ಹಿಡಿ ಎಳೆದರು. ಅಪ್ಪಯ್ಯನ ಸೀಟು ಕರಕರ ಸದ್ದು ಮಾಡಿ ಒಂದೇ ಜಗ್ಗಿಗೆ ಮುಂದೆ ಬಂತು. ಬಾಗಿಲಲ್ಲಿ ನಿಂತಿದ್ದ ಆಯಿ ಒಳಗೆ ಹೋದಳು.

ಕಾರು ಅವತ್ತೇ ಹಾವೇರಿಗೆ ಹೋಯಿತು. ಅವತ್ತಿನಿಂದ ಅವಳು ಅಪ್ಪಯ್ಯನ ಸುದ್ದಿಯನ್ನೇ ಎತ್ತಲಿಲ್ಲ. ನಾವು ಎತ್ತಿದರೆ ಎದ್ದು ಹೋಗುತ್ತಿದ್ದಳು. ಯಾರ ಕಾರನ್ನೂ ಹತ್ತಲಿಲ್ಲ, ತಮ್ಮನ ಮನೆಗೂ ಹೋಗಲಿಲ್ಲ. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಇನ್ನು ಇವಳು ಕೊನೆತನಕ ಹೀಗೇ ಇದ್ದುಬಿಡುತ್ತಾಳೆ ಎಂದೇ ನಾನು ತಿಳಿದಿದ್ದೆ.

ಮೊನ್ನೆ ಮಾವ ಸಿದ್ದಾಪುರದಿಂದ ಬಂದ. ಹಲ್ಲಿನ ಸೆಟ್ಟು ಇಡುವ ಡಬ್ಬಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದ. ಅದರೊಳಗೆ ನಮ್ಮ ಮಾರುತಿ. ಬಿಳಿ! ಬಣ್ಣವೂ ಅವನಿಗೆ ನೆನಪಿತ್ತು. ಆಯಿಯ ಮುಂದಿಟ್ಟು ಕವಚ ಎತ್ತಿದ. ಈ ಸಲ ಗೋಂದನ್ನು ತಂದೇ ಇರಲಿಲ್ಲ.

ಒಳಗೆ ಎಲ್ಲವೂ ಇತ್ತು. ಬಿರುಕು ಬಿಟ್ಟ ಡ್ಯಾಶ್‌ಬೋರ್ಡು, ಗೇರಿನ ಪಕ್ಕದಲ್ಲಿ ಅಪ್ಪಯ್ಯನ ಎಲೆಅಡಿಕೆ ಡಬ್ಬಿ, ಆಯಿ ಕೂರುವ ಕಡೆಯ ಬಾಗಿಲಿಗೆ ಅವಳೇ ಕಟ್ಟಿದ್ದ ಹಳೆ ಸೀರೆಯ ಚೂರು. ಆದರೆ ಡ್ರೈವರನ ಸೀಟು ಪೂರ್ತಿ ಮುಂದೆ ಬಂದು ಸ್ಟೇರಿಂಗಿಗೆ ತಾಗಿಕೊಂಡಿತ್ತು, ಆ ಗಿರಾಕಿ ಎಳೆದುಕೊಂಡ ಹಾಗೆಯೇ. ಇಷ್ಟೆಲ್ಲ ಮಾಡಿದವನಿಗೆ ಇದೊಂದು ತಿಳಿಯಬಾರದಿತ್ತೆ?

ಆಯಿ ಬಗ್ಗಿ ನೋಡಿದಳು. "ಇಷ್ಟು ಮುಂದೆ ಇತ್ತಿಲ್ಲೆ," ಎಂದಳು.

"ಸರೀತು ಅಕ್ಕಾ," ಎಂದ ಮಾವ. ಕೈ ಮಾತ್ರ ಮುಂದೆ ಮಾಡಲಿಲ್ಲ.

ಜನ್ಮದಲ್ಲಿ ಒಂದು ಕೂದಲೆಳೆ ಅಳತೆ ತಪ್ಪದವನು ಅವನು! ಆಗ ನನಗೆ ಗೊತ್ತಾಯಿತು, ಆ ಸೀಟನ್ನು ಅವನು ಅವಳಿಗೆಂದೇ ಬಿಟ್ಟಿದ್ದ. ಆಯಿ ಕಿರುಬೆರಳಿನ ಉಗುರನ್ನು ಸೀಟಿಗಿಟ್ಟು ಮೆಲ್ಲಗೆ ತಳ್ಳಿದಳು. ಅದು ಸ್ಟೇಪ್ಲರ್ ಪಿನ್ನಿನ ಹಳಿಯ ಮೇಲೆ ಹಿಂದೆ ಸರಿಯಿತು. ಇನ್ನೂ ತಳ್ಳಿದಳು, ಕೊನೆ ಮುಟ್ಟಿ ನಿಲ್ಲುವ ತನಕ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಇವಕ್ಕೆ ಹೊಟ್ಟೆ ತಾಗ್ತು," ಎಂದಳು, ಅಪ್ಪಯ್ಯ ಅಲ್ಲೇ ಕೂತಿರುವ ಹಾಗೆ.