ನಾಲ್ಕನೇ ಬಾಯಿಗೆ ಭರವಸೆ

ಒಂದಕ್ಕಿಂತ ಹೆಚ್ಚು ಬಾಯಿಗೆ ಏನನ್ನೇ ಹಂಚುವ ಕೊಳವೆಯಾದರೂ ಅದಕ್ಕೆ ಕವಲುಕೊಳವೆ ದೃಢೀಕರಣ ಶಾಖೆಯ ಮೊಹರು ಕಡ್ಡಾಯ. ವಿನಾಯಿತಿಯನ್ನು ಯಾರೂ ಕೇಳಿಲ್ಲದ ಕಾರಣ, ಕಾರಿನ ಇಂಜಿನ್ನಿಗೂ ಇದು ಅನ್ವಯ.

ಪಾಂಡವಪುರದ ಮೆಕ್ಯಾನಿಕ್ ಮುಸವ್ವಿರ್ ಎರಡು ವರ್ಷ ಕೂತು ತನ್ನ ರೇಸ್ ಕಾರಿಗೆ ಅಲ್ಯುಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್ ಮಾಡಿದ್ದ. ಒಂದು ಕಡೆಯಿಂದ ಗಾಳಿ ಎಳೆದು, ನಾಲ್ಕು ಬಾಯಿಂದ ನಾಲ್ಕು ಸಿಲಿಂಡರಿಗೂ ಸಮನಾಗಿ ಹಂಚುವಂಥದ್ದು. ಭಾನುವಾರ ಕೆ.ಆರ್. ಪೇಟೆ ಬಯಲಲ್ಲಿ ಓಟ. ಮೊಹರಿಲ್ಲದ ಕಾರಿಗೆ ಗೆರೆಯ ಹತ್ತಿರವೂ ಪ್ರವೇಶವಿಲ್ಲ.

ಶುಕ್ರವಾರ ಶಾಖಾಧಿಕಾರಿ ತಮ್ಮಯ್ಯನವರು ಗ್ಯಾರೇಜಿಗೆ ಪರೀಕ್ಷೆಗೆ ಬಂದರು. ಮುಸವ್ವಿರ್ ತನ್ನ ಹೆಂಡತಿ ಮುಮ್ತಾಜಳ ವ್ಯಾಕ್ಯೂಂ ಕ್ಲೀನರನ್ನು ಮ್ಯಾನಿಫೋಲ್ಡಿಗೆ ಕಟ್ಟಿ, ನಾಲ್ಕು ಬಾಯಿಗೂ ಒಂದೊಂದು ಊದುಬತ್ತಿ ಹಿಡಿದ. ಊದುಬತ್ತಿ ಕಂಡು ತಮ್ಮಯ್ಯನವರು ಚಪ್ಪಲಿ ಬಿಟ್ಟರು. ಹೊಗೆ ನಾಲ್ಕೂ ಬಾಯಿಗೆ ಒಂದೇ ಸಮ ನುಗ್ಗಿತು.

"ಎಷ್ಟಿಂಚು ನೀರು ಬತ್ತದ್ಲಾ ಇದ್ರಲ್ಲಿ?"

"ನೀರಲ್ಲ ಸಾ, ಬರೀ ಗಾಳಿ."

"ನಾವು ಮೊಹರು ಒತ್ತಿದ್ ಪೈಪಲ್ಲೆಲ್ಲಾ ಗಾಳಿನೇ ಬರೋದು. ಆದ್ರೂ ಫಾರಮ್ಮಲ್ಲಿ ನೀರು ಅಂತ್ಲೇ ಬರೀಬೇಕು."

ಬರೆದರು. ಆಮೇಲೆ ಪೆನ್ನು ನಿಂತಿತು. "ಕೊನೇ ಬಾಯ್ಗೂ ಮೊದಲ್ನೇದ್ರಷ್ಟೇ ಓಯ್ತಾ ಅದಲ್ಲೋ!"

"ಅದ್ಕೇ ಸಾ ಎರಡೊರ್ಸ ಒದ್ದಾಡಿದ್ದು!"

"ಎರಡೊರ್ಸ ತಪ್ಪೇ ಮಾಡಿದ್ದೀಯ ಕಣ್ಲಾ. ಯಾವ ನಾಲೇಲಾದ್ರೂ ಕೊನೇ ಗದ್ದೆಗೆ ಸಮ ನೀರು ಓಗಿದ್ದು ಕಂಡಿದ್ದೀಯಾ?" ಎಂದು ಏಳನೇ ನಿಯಮ ಓದಿದರು: "ಮೊದಲ ಬಾಯಿಗೆ ಸಾಕಷ್ಟು, ನಡುವಿನವಕ್ಕೆ ಉಳಿದಷ್ಟು, ಕೊನೆಯದಕ್ಕೆ ಭರವಸೆ."

"ಭರವ್ಸೇಲಿ ಸಿಲಿಂಡರ್ ಓಡ್ತದಾ ಸಾ?"

"ಜನ ಓಡ್ತಾವ್ರೆ. ಸಿಲಿಂಡರಿಗೇನ್ ಬಂದದೆ ರೋಗ?"

ಒಳಗಿಂದ ಮುಮ್ತಾಜ್ ಕೂಗಿದಳು: "ಮುಚ್ರೀ ಅತ್ಲಾಗೆ! ಭಾನ್ವಾರ ಗಾಡಿ ಓಡ್ಸಬೇಕೋ, ಮನೇಲಿ ಕೂತು ಊದುಬತ್ತಿ ಅಚ್ಚಬೇಕೋ?"

ಮುಖ ಆ ಕಡೆ ತಿರುಗಿಸಿಕೊಂಡೇ ಮುಸವ್ವಿರ್ ನಾಲ್ಕನೇ ಬಾಯಿಗೆ ತಗಡು ಬೆಸೆದ. ಮೊಹರು ಬಿತ್ತು.

ಭಾನುವಾರ ಏಳು ಕಾರುಗಳು, ಏಳಕ್ಕೂ ಅದೇ ಮೊಹರು, ಏಳೂ ಮೂರೇ ಸಿಲಿಂಡರಿನಲ್ಲಿ ಕೆಮ್ಮುತ್ತಾ ಕುಂಟುತ್ತಾ ಹೊರಟವು. ಡೈರಿಗೆ ಹಾಲು ಒಯ್ಯುತ್ತಿದ್ದ ಸೈಕಲ್ಲೊಂದು ಎಲ್ಲರಿಗಿಂತ ಮೊದಲು ಗೆರೆ ದಾಟಿತಾದರೂ, ಮೊಹರಿಲ್ಲದ ಕಾರಣ ಅನರ್ಹಗೊಂಡಿತು. ಪ್ರಥಮ ಸ್ಥಾನ ಮುಸವ್ವಿರನಿಗೆ. ತಮ್ಮಯ್ಯನವರು ಕಪ್ಪು ಕೊಟ್ಟು, ಇದು ಏಳನೇ ನಿಯಮದ ಗೆಲುವು ಎಂದರು. ಜನ ಚಪ್ಪಾಳೆ ತಟ್ಟಿದರು.

ಸೋಮವಾರ, ಎರಡನೆಯವನಾಗಿ ಬಂದಿದ್ದ ನಾಗಮಂಗಲದ ಸಂತೋಷ್ ಕಾರು ತಳ್ಳಿಕೊಂಡು ಗ್ಯಾರೇಜಿಗೆ ಬಂದ.

"ಒಂದೇ ಮುಚ್ಚಿದ್ಕೆ ಸೋತ್ಬುಟ್ಟೆ ಭಾಯ್. ಮುಂದ್ಲ ಸಲಕ್ಕೆ ಎರಡು ಮುಚ್ಕೊಡು."

ಮುಸವ್ವಿರ್ ಟೇಪು ತೆಗೆದು ಮೂರನೇ ಬಾಯಿಯ ಅಳತೆ ಹಿಡಿದ.