ಬೀಟ್‌ರೂಟ್ ಪಲ್ಯ ಮತ್ತು ಕಾವಲು ಬಿಟ್ಟ ಕಣಗಳು

ಮಾನ ಹೋಗಲು ನಮ್ಮ ಕೆಲಸದಲ್ಲಿ ಬೇರೆ ಏರ್ಪಾಡೇನೂ ಬೇಕಿಲ್ಲ. ಒಂದು ಮೈಕು, ಎದುರಿಗೆ ನಲವತ್ತು ಜನ ಇದ್ದರೆ ಸಾಕು, ತಾನಾಗಿ ಹೋಗುತ್ತದೆ. ನಾನು ಮಧುಗಿರಿಯಲ್ಲಿ ಆರೋಗ್ಯ ನಿರೀಕ್ಷಕ. ಹೋದ ವರ್ಷ ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಸುತ್ತಿ, "ಮಲದಲ್ಲಿ ರಕ್ತ ಕಂಡರೆ ನಾಚಿಕೆ ಬಿಡಿ, ಡಾಕ್ಟರಿಗೆ ತೋರಿಸಿ" ಎಂದು ಹೇಳಬೇಕು.

ಇದರಲ್ಲಿ ಒಂದೇ ತೊಂದರೆ. ಆ ರಕ್ತ ನನಗೇ ಕಾಣುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮೂಲವ್ಯಾಧಿ ಇರಬೇಕು ಎಂದು ನಾನೇ ತೀರ್ಮಾನಿಸಿ, ನಾನೇ ಸಮಾಧಾನ ಮಾಡಿಕೊಂಡು, ಮರುದಿನ ಬೆಳಿಗ್ಗೆ ಇನ್ನೊಂದು ಊರಿಗೆ ಬುದ್ಧಿ ಹೇಳಲು ಹೋಗುತ್ತಿದ್ದೆ. ಈಗ ನೆನೆದರೂ ಮುಖ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ.

೧. ಕಳ್ಳಂಬೆಳ್ಳದ ತೂಬು

ನಮಗೆ ತರಬೇತಿ ಕೊಟ್ಟ ಡಾಕ್ಟರು ಒಂದು ವಿಚಿತ್ರ ಸಂಗತಿ ಹೇಳಿದ್ದರು. ಕರುಳಿನಲ್ಲಿ ಕ್ಯಾನ್ಸರ್ ಗಂಟು ಎದ್ದಾಗ ಅದನ್ನು ಕೊಲ್ಲಲು ಮೈಯೊಳಗಿನ ಕಾವಲು ಕಣಗಳು, ಅಂದರೆ ರೋಗನಿರೋಧಕ ಕಣಗಳು, ಓಡಿ ಬರುತ್ತವೆ. ಆದರೆ ಗಂಟು ಅವುಗಳಲ್ಲಿ ಕೆಲವನ್ನು ತನ್ನ ಕಡೆ ಮಾಡಿಕೊಳ್ಳುತ್ತದೆ. ಹಾಗೆ ಕೆಟ್ಟ ಕಣಗಳೇ ಅಕ್ಕಪಕ್ಕದ ಗೋಡೆ ಸಡಿಲಿಸಿ, ರಕ್ತನಾಳಕ್ಕೆ ದಾರಿ ಮಾಡಿಕೊಟ್ಟು, ಕ್ಯಾನ್ಸರನ್ನು ಪಿತ್ತಜನಕಾಂಗದವರೆಗೆ ಕಳಿಸಿಕೊಡುತ್ತವಂತೆ.

ಶಿರಾ ಕಡೆಯ ಕಳ್ಳಂಬೆಳ್ಳದಲ್ಲಿ ಇದನ್ನು ಹೇಗೆ ಹೇಳುವುದು ಎಂದು ಯೋಚಿಸಿದೆ. ಅಲ್ಲಿ ಕೆರೆಯಿದೆ, ಕೆರೆಯ ತೂಬು ಎತ್ತಿ ಎಲ್ಲರ ಗದ್ದೆಗೂ ಸರದಿಯಲ್ಲಿ ನೀರು ಬಿಡುವ ನೀರುಗಂಟಿ ಇದ್ದಾನೆ. "ನೀರುಗಂಟಿಗೆ ಒಬ್ಬ ಎರಡು ಬಾಟ್ಲಿ ಕೊಟ್ಟ ಅಂತಿಟ್ಟುಕೊಳ್ಳಿ. ಅವನು ಸರದಿ ಬಿಟ್ಟು ಆ ಒಬ್ಬನ ಗದ್ದೆಗೇ ತೂಬು ಎತ್ತುತ್ತಾನೆ. ಈ ಕಣಗಳೂ ಹಾಗೇ" ಎಂದೆ. ಉದಾಹರಣೆ ಚೆನ್ನಾಗಿ ಬಂತೆಂದು ನನಗೇ ಹೆಮ್ಮೆಯಾಯಿತು.

ಮುಂದಿನ ಸಾಲಿನಲ್ಲಿದ್ದ ಒಬ್ಬರು ಟವೆಲ್ ಕೊಡವಿಕೊಂಡು ಎದ್ದರು. "ಸಾ, ನಾನೇ ಇಲ್ಲಿ ನೀರುಗಂಟಿ. ಯಾರ್ ತಾವ ಬಾಟ್ಲಿ ಈಸ್ಕೊಂಡೆ ಹೇಳಿ."

ಹಿಂದಿನಿಂದ ಒಬ್ಬ, "ಅವ್ರನ್ಯಾಕೆ ಕೇಳ್ತೀಯ, ನಾನ್ ಹೇಳ್ತೀನಿ ಕೂತ್ಕಳ್ಲಾ" ಎಂದ. ಅಲ್ಲಿಂದ ಮುಂದೆ ಒಂದು ಗಂಟೆ ಕ್ಯಾನ್ಸರಿನ ಸುದ್ದಿಯೇ ಬರಲಿಲ್ಲ. ಯಾರ ಮಡಿಗೆ ಎಷ್ಟು ಹೊತ್ತು ನೀರು ಹರಿಯಿತು ಎನ್ನುವುದೇ ಆಯಿತು. ನಾನು ಮೈಕು ಆರಿಸಿ ತಲೆ ತಗ್ಗಿಸಿಕೊಂಡು ಜೀಪು ಹತ್ತಿದೆ.

ಕಿಟಕಿಯ ಹತ್ತಿರ ನೀರುಗಂಟಿ ಬಂದರು. ದನಿ ಇಳಿಸಿ ಕೇಳಿದರು. "ಸಾ, ಬಾಟ್ಲಿ ಒಂದೇ ಕಣ್ ಸಾ. ಎರಡು ಅಂತ ನಿಮ್ಗೆ ಯಾವನ್ ಹೇಳ್ದ?"

೨. ಬಲಸಮುದ್ರದ ರೌಂಡು

ಪಾವಗಡದ ಬಲಸಮುದ್ರಕ್ಕೆ ಹೋಗುವಾಗ ನೀರುಗಂಟಿಯ ಸಹವಾಸವೇ ಬೇಡ ಎಂದು ಉದಾಹರಣೆ ಬದಲಾಯಿಸಿಕೊಂಡೆ. ಅಲ್ಲೆಲ್ಲ ಸೋಲಾರ್ ಪ್ಯಾನೆಲ್‌ಗಳು. "ಕೇಬಲ್ ಕದಿಯಲು ಕಳ್ಳ ಬಂದಾಗ ಗೇಟು ಕಾಯುವವನೇ ಟಾರ್ಚ್ ಹಿಡಿದು ದಾರಿ ತೋರಿಸಿದರೆ ಹೇಗೆ?" ಎಂದೆ.

ಯಾರೂ ನಗಲಿಲ್ಲ. ಎದುರಿಗೆ ಕೂತಿದ್ದವರಲ್ಲಿ ಅರ್ಧಕ್ಕರ್ಧ ಪ್ಯಾನೆಲ್ ಕಾಯುವವರೇ. ಸೆಕೆಗೆ ಯೂನಿಫಾರಂ ಅಂಗಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರಿಂದ ನನಗೆ ಗೊತ್ತಾಗಿರಲಿಲ್ಲ.

ಅವರಲ್ಲಿ ಹಿರಿಯರೊಬ್ಬರು ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಶಾಂತವಾಗಿಯೇ ಹೇಳಿದರು. "ಸಾರ್, ತಪ್ಪು ಆ ಕಣದ್ದಲ್ಲ. ಒಂದೇ ಗೇಟ್ನಾಗೆ ವರ್ಷಾನುಗಟ್ಲೆ ಕೂರ್ಸಿದ್ರೆ ಎವರೈನಾ ಕೆಟ್ಟೋಗ್ತಾರೆ. ಅದ್ಕೆ ಬುದ್ಧಿ ಹೇಳಿ ತಿರ್ಗ ಡ್ಯೂಟಿಗೆ ಹಾಕೋಕಾಗಲ್ವಾ?"

ಕೆಟ್ಟ ಕಣಗಳನ್ನು ಮತ್ತೆ ನಮ್ಮ ಕಡೆ ತಿರುಗಿಸುವುದು ಹೇಗೆಂದು ಸಂಶೋಧನೆ ನಡೆಯುತ್ತಿದೆ ಎಂದು ತರಬೇತಿಯ ಡಾಕ್ಟರೂ ಹೇಳಿದ್ದರು. ನಾನು ಆ ಹೊತ್ತಿಗೆ ತೂಕಡಿಸುತ್ತಿದ್ದುದರಿಂದ ಟಿಪ್ಪಣಿಯಲ್ಲಿ ಬರೆದುಕೊಂಡಿರಲಿಲ್ಲ.

"ಅದಿರ್ಲಿ ಸಾರ್, ಮೀರು ಟೆಸ್ಟ್ ಮಾಡಿಸ್ಕೊಂಡ್ರಾ?" ಎಂದು ಅವರು ಕೇಳಿದರು.

"ಓ, ಹೋದ ತಿಂಗಳೇ ಆಯ್ತು. ಏನೂ ಇಲ್ಲ" ಎಂದೆ. ಆ ಬೆಳಿಗ್ಗೆಯೂ ರಕ್ತ ನೋಡಿಯೇ ಹೊರಟಿದ್ದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಯಿತು.

ಅವರು ತಲೆದೂಗಿದರು. "ಮೇಮೂ ರಿಜಿಸ್ಟರ್ನಾಗೆ ದಿನಾ ಅದೇ ಬರೀತೀವಿ ಸಾರ್. ರೌಂಡ್ ಆಯ್ತು, ಏನೂ ಇಲ್ಲ ಅಂತ. ರೌಂಡ್ ಹೋಗ್ದೇನೇ."

೩. ಕೊರಟಗೆರೆಯ ಕಷಾಯ

ಕೊರಟಗೆರೆಯಲ್ಲಿ ನೀರುಗಂಟಿಯೂ ಬೇಡ, ಗೇಟೂ ಬೇಡ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಬಂದೆ. ಎಂಟು ದಿನ ಬಿಟ್ಟು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದರು. ಹಿಂದೆ ಅವರ ಗಂಡ ಚೀಲ ಹಿಡಿದು ನಿಂತಿದ್ದರು.

"ನಿಮ್ ಭಾಷಣ ಕೇಳಿದ್ಮೇಲೆ ಇವ್ರಿಗೆ ಕಷಾಯ ನಿಲ್ಸ್‌ಬುಟ್ಟೆ ಸಾ" ಎಂದರು ಆಕೆ. ರೋಗನಿರೋಧಕ ಶಕ್ತಿ ಬರಲಿ ಎಂದು ದಿನಾ ಬೆಳಿಗ್ಗೆ ಕಾಫಿಯ ಬದಲು ಅಮೃತಬಳ್ಳಿ, ಮೆಣಸು ಕುದಿಸಿ ಗಂಡನಿಗೆ ಕುಡಿಸುತ್ತಿದ್ದರಂತೆ. "ಒಳಗಿರೋ ಕಾವಲಿನೋನೇ ಕಳ್ಳನ ಜೊತೆ ಸೇರ್ಕಂಡ್ಮೇಲೆ ಅವನ್ನ ಮೇಯಿಸಿ ಏನ್ ಪ್ರಯೋಜನ?"

ನನಗೆ ಗಾಬರಿಯಾಯಿತು. ಕಾವಲು ಕಣಗಳೆಲ್ಲ ಕೆಟ್ಟವಲ್ಲ, ಗಂಟಿನ ಹತ್ತಿರ ಹೋಗಿ ಅದರ ಮಾತು ಕೇಳಿದ ಕೆಲವು ಮಾತ್ರ ಹಾಗಾಗುತ್ತವೆ, ಉಳಿದವು ನಮ್ಮನ್ನು ದಿನವೂ ಕಾಪಾಡುತ್ತಲೇ ಇರುತ್ತವೆ ಎಂದು ವಿವರಿಸಿದೆ. ನಾನು ಹೇಳುತ್ತಾ ಹೋದಂತೆ ಹಿಂದಿದ್ದ ಗಂಡನ ಮುಖ ಬಾಡುತ್ತಾ ಬಂತು.

ಆಕೆ ಬಸ್ಸಿನ ಹೊತ್ತು ಕೇಳಲು ಆಚೆ ಹೋದ ಕೂಡಲೇ ಅವರು ನನ್ನ ಕೈ ಹಿಡಿದುಕೊಂಡರು. "ಸಾ, ನಿಮ್ ದಮ್ಮಯ್ಯ. ಅವ್ಳು ಬಂದ್ಮೇಲೆ ಇನ್ನೇನೂ ವಿವರ್ಸೋಕೆ ಹೋಗ್ಬ್ಯಾಡಿ. ಈ ಎಂಟ್ ದಿನದಿಂದ್ಲೇ ನಾನು ಕಾಫಿ ಮುಖ ನೋಡಿರೋದು."

ನನ್ನ ತಿಳಿವಳಿಕೆಯಿಂದ ನಾಲ್ಕು ತಾಲ್ಲೂಕಿನಲ್ಲಿ ಒಬ್ಬ ಗಂಡಸಿಗಾದರೂ ಉಪಕಾರವಾಗಿತ್ತು. ಅದನ್ನೂ ನಾನೇ ಕೆಡಿಸಿದ್ದೆ.

೪. ನಮ್ಮ ಮನೆಯ ಪಲ್ಯ

ಇದನ್ನು ಬರೆಯಲು ನಿಜಕ್ಕೂ ನಾಚಿಕೆ. ಬೀಟ್‌ರೂಟ್ ತಿಂದರೆ ಮರುದಿನ ಕೆಂಪಗೆ ಹೋಗುತ್ತದೆ ಎಂದು ನಾನು ಎಲ್ಲ ಊರಿನಲ್ಲೂ ಹೇಳುತ್ತಿದ್ದೆ, ಸುಮ್ಮನೆ ಹೆದರಬೇಡಿ ಎನ್ನುವುದಕ್ಕಾಗಿ. ಆಮೇಲೆ ನಾನೇ ದಿನಾ ಬೀಟ್‌ರೂಟ್ ತರಲು ಶುರು ಮಾಡಿದೆ. ತಿಂದರೆ ಕೆಂಪಿಗೊಂದು ಕಾರಣ ಸಿಗುತ್ತದಲ್ಲ, ಹೆದರುವ ಅಗತ್ಯವಿಲ್ಲ.

ನನ್ನ ಹೆಂಡತಿ ಪಲ್ಯ ಮಾಡಿದಳು, ಸಾರು ಮಾಡಿದಳು, ಕೋಸಂಬರಿ ಮಾಡಿದಳು. ಎರಡು ತಿಂಗಳಾದ ಮೇಲೆ ಚೀಲ ಕಸಿದುಕೊಂಡು, "ಏನ್ರೀ, ಮದ್ವೆಯಾದಾಗಿಂದ ತಟ್ಟೆ ಅಂಚಿಗೆ ತಳ್ತಿದ್ದ ಗೆಡ್ಡೆ ಇದು. ಈಗೇನು ಇದ್ರ ಮೇಲೆ ಇಷ್ಟು ಪ್ರೀತಿ? ಇನ್ನು ತಂದ್ರೆ ನೀವೇ ಬೇಯಿಸ್ಕೊಳ್ಳಿ" ಎಂದಳು.

ಹತ್ತು ದಿನ ಬರೀ ಸೋರೆಕಾಯಿ. ಕೆಂಪು ನಿಲ್ಲಲಿಲ್ಲ. ಹನ್ನೊಂದನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ಎರಡು ತಿಂಗಳು ನನಗೂ ಯಾಕ್ರೀ ತಿನ್ನಿಸಿದ್ರಿ?" ಎಂದಳು.

೫. ತುಮಕೂರಿನ ಸಾಲು

ಓದುವವರು ಗಾಬರಿಯಾಗದಿರಲಿ ಎಂದು ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಗಂಟು ಇತ್ತು, ಕ್ಯಾನ್ಸರೇ. ಆದರೆ ಕರುಳಿನ ಗೋಡೆ ದಾಟಿರಲಿಲ್ಲ, ಎಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡಿ ತೆಗೆದರು. ನನ್ನ ಕಾವಲು ಕಣಗಳು ನನಗಿಂತ ನಿಯತ್ತಾಗಿದ್ದವು. "ಇನ್ನಷ್ಟು ದಿನ ಬೀಟ್‌ರೂಟ್ ತಿಂದುಕೊಂಡು ಕೂತಿದ್ದರೆ ಈ ಮಾತು ಹೇಳುವ ಹಾಗಿರುತ್ತಿರಲಿಲ್ಲ" ಎಂದರು ಡಾಕ್ಟರು.

ಇದಕ್ಕೆ ಮೊದಲು ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಆಗಬೇಕಿತ್ತು. ಗುರುತಿನವರು ಇರಬಾರದೆಂದು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಅಷ್ಟಕ್ಕೂ ಧೈರ್ಯ ಸಾಲದೆ ಚೀಟಿಯಲ್ಲಿ ಹೆಸರು ಶಿವಣ್ಣ ಎಂದು ಬರೆಸಿದೆ. ಹೊಟ್ಟೆ ಖಾಲಿಯಾಗಲೆಂದು ಎರಡು ಬಾಟಲಿ ಔಷಧದ ನೀರು ಕೊಟ್ಟು, ಅಲ್ಲೇ ಕೂತು ಕುಡಿಯಬೇಕು ಎಂದರು. ಮೊದಲನೆಯದು ಮುಗಿಯುವಷ್ಟರಲ್ಲಿ ಹೊಟ್ಟೆ ಕೂಗಿತು. ಕಕ್ಕಸಿದ್ದದ್ದು ಒಂದೇ. ಅದರ ಮುಂದೆ ಸಾಲಿತ್ತು.

ಸಾಲಿನಲ್ಲಿದ್ದ ಆರು ಜನ ತಿರುಗಿ ನೋಡಿ ಒಟ್ಟಿಗೆ ಕೈ ಮುಗಿದರು. ಎಲ್ಲರೂ ಶಿರಾ ಕಡೆಯ ಮದಲೂರಿನವರು. ನನ್ನ ಭಾಷಣ ಕೇಳಿ, ಮಲಪರೀಕ್ಷೆ ಮಾಡಿಸಿ, ಅದರಲ್ಲಿ ರಕ್ತ ಕಂಡು ಇದೇ ಕ್ಯಾಮೆರಾ ಪರೀಕ್ಷೆಗೆ ಬಂದವರು. ಮುಂದಿದ್ದ ಅಜ್ಜಿ, "ಹೆಲ್ತ್ ಸಾಹೇಬ್ರು ಬಂದವ್ರೆ ಕಣ್ರೋ. ಏನ್ ಸಾಮಿ ಇಲ್ಲಿ?" ಎಂದರು.

ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಸುಮ್ನೆ ಹಿಂಗೇ ಬಂದೆ ಅಜ್ಜಿ. ನಿಮಗೆಲ್ಲ ಇಲ್ಲಿ ವ್ಯವಸ್ಥೆ ಸರಿಯಾಗಿದೆಯಾ ನೋಡೋಣ ಅಂತ" ಎಂದೆ. ಹೊಟ್ಟೆ ಮತ್ತೆ ಕೂಗಿತು. ಆರೂ ಜನಕ್ಕೆ ಕೇಳಿಸಿತು.

ಅಷ್ಟರಲ್ಲಿ ನರ್ಸ್ ಒಬ್ಬಳು, "ಶಿವಣ್ಣ ಯಾರ್ರೀ? ಶಿವಣ್ಣ" ಎಂದು ಕೂಗುತ್ತಾ ಬಂದಳು. ಯಾರೂ ಓ ಅನ್ನಲಿಲ್ಲ. ಎಲ್ಲರೂ ಅತ್ತಿತ್ತ ನೋಡಿದರು. ನಾನೂ ಅವರ ಜೊತೆ ಆ ಶಿವಣ್ಣ ಎಲ್ಲಿದ್ದಾನೆ ಎಂದು ಹುಡುಕಿದೆ.

ನರ್ಸ್ ನೇರವಾಗಿ ನನ್ನ ಮುಂದೆ ನಿಂತಳು. "ನೀವೇ ಅಲ್ವೇನ್ರೀ ಶಿವಣ್ಣ? ಆಗಿಂದ ಕೂಗ್ತಿದೀನಿ. ಎರಡನೇ ಬಾಟ್ಲಿ ಶುರು ಮಾಡಿದ್ರಾ? ಕೆಂಪು ಇನ್ನೂ ಹೋಗ್ತಿದೆಯಾ?"

ನಾನು ಹೌದು ಎಂದೆ. ಯಾವ ಪ್ರಶ್ನೆಗೆ ಎಂದು ಅವಳೂ ಕೇಳಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲ ಮುಂದಿನ ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

"ಹೋಗಿ ಸಾಮಿ, ನಿಮ್ದೇ ಅವಸ್ರ. ನೀವ್ ಹೇಳ್ದಂಗೆ ನಾವು ನಾಚ್ಕೆ ಮನೇಲಿ ಬುಟ್ಟು ಬಂದ್ವಿ. ನೀವು ಹೆಸ್ರು ಮನೇಲಿ ಬುಟ್ಟು, ನಾಚ್ಕೆ ತಗಂಡ್ ಬಂದಿದೀರಲ್ಲ."