ಅಕ್ಕನ ರಕ್ತ, ತಂಗಿಯ ಭವಿಷ್ಯ

ಪಾಳಾ, ತಾಲೂಕು ಮುಂಡಗೋಡ
ಶ್ರಾವಣ, ೧೯೮೪

ಕೊಯ್ಯುವ ಕೈಯೂ ಭವಿಷ್ಯ ನುಡಿಯುವ ಬಾಯಿಯೂ ಒಟ್ಟಿಗೇ ಒಲಿದಿರುವ, ನಗರದ ದೊಡ್ಡಾಸ್ಪತ್ರೆಯ ಮಾನ್ಯ ಡಾಕ್ಟರ ಸಾಹೇಬರೇ,

ಪಾಳಾದ ಕಿರಾಣಿ ಅಂಗಡಿಯ ಈಶಪ್ಪನ ಶರಣು ಶರಣಾರ್ಥಿಗಳು. ಕಿಡ್ನಿಯ ನೆತ್ತಿಯ ಮೇಲೊಂದು ಗ್ರಂಥಿ ಇರುತ್ತದೆಂದೂ ಅದರಲ್ಲಿ ಕ್ಯಾನ್ಸರ್ ಗಂಟು ಬೆಳೆಯಬಹುದೆಂದೂ ನಮಗೆ ತಿಳಿಸಿಕೊಟ್ಟವರು ತಾವು. ನನ್ನ ಹೆಂಡತಿ ನೀಲಕ್ಕನ ಗಂಟನ್ನು ಯುಗಾದಿಗೆ ಮುಂಚೆ ತೆಗೆದವರೂ ತಾವೇ. ಆ ಉಪಕಾರ ಮರೆತಿಲ್ಲ. ಗಂಟು ಮರಳಿ ಬರುವುದೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ರಕ್ತವೇ ಹೇಳುತ್ತದೆ, ಮಳೆಗಾಲ ಹಿಡಿದ ಮೇಲೆ ಬಂದು ಕೊಟ್ಟುಹೋಗಲಿ ಎಂದು ಅಪ್ಪಣೆ ಮಾಡಿದಿರಿ.

ರಕ್ತ ಕೊಡಬೇಕಾದ ದಿನ ನೀಲಕ್ಕನಿಗೆ ಬಸ್ಸು ಹತ್ತುವ ತ್ರಾಣವಿರಲಿಲ್ಲ. ನಮ್ಮಲ್ಲಿ ಹರಕೆ ಹೊತ್ತವಳು ಹಾಸಿಗೆ ಹಿಡಿದರೆ ಅವಳ ಪಾಲಿನ ದೀಡ ನಮಸ್ಕಾರವನ್ನು ಒಡಹುಟ್ಟಿದವಳು ನೆಲಕ್ಕೆ ಮೈಚಾಚಿ ಹಾಕುತ್ತಾಳೆ, ದೇವರು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ಅವಳ ಅಕ್ಕ ಶಿವಗಂಗವ್ವ, "ಆಕಿ ಹೆಸರ್ಲೆ ನಾನ ಕೊಟ್ಟು ಬರ್ತೇನಿ, ಒಂದ ತಾಯಿ ಹೊಟ್ಯಾಗ ಹುಟ್ಟೇವಲ್ಲ" ಎಂದು ಹೊರಟಳು. ನಾವು ಹಳ್ಳಿಯವರು, ಅದರಲ್ಲಿ ತಪ್ಪು ಕಾಣಲಿಲ್ಲ.

ತಾವಾದರೂ ಓದಿದವರು. ವರದಿ ಬಂದ ದಿನ ಶಿವಗಂಗವ್ವ ತಮ್ಮೆದುರು ಕೂತು, ತಾನು ಅಕ್ಕನೆಂದು ಹೇಳಲು ಬಾಯಿ ತೆರೆದಾಗ, ತಾವು ಕಾಗದದಿಂದ ಕಣ್ಣೆತ್ತದೆ ಕೈಯಷ್ಟೇ ಎತ್ತಿ ಅವಳನ್ನು ಸುಮ್ಮನಾಗಿಸಿ, ರಕ್ತ ಅಪ್ಪಟ ಬಂಗಾರ, ಗಂಟು ಇನ್ನು ಬರುವುದಿಲ್ಲ, ವರ್ಷದ ತನಕ ನೀನೂ ಬರಬೇಡ ಎಂದು ಹರಸಿ ಕಳುಹಿಸಿದಿರಿ. ಎಂದೂ ಇಲ್ಲದ ರೋಗ ಅವಳಿಗೆ ಮರಳಿ ಬರುವುದಿಲ್ಲವೆಂಬ ತಮ್ಮ ಮಾತು ಅಕ್ಷರಶಃ ನಿಜವಾಗಿದೆ. ಈ ಸಲದ ನಾಟಿಯಲ್ಲಿ ಅವಳನ್ನು ಹಿಂದೆ ಹಾಕಿದವರಿಲ್ಲ. ಇಂಥ ದಿವ್ಯದೃಷ್ಟಿಯ ತಮ್ಮನ್ನು ಊರಿಗೆ ಕರೆಸಿ, ನಮ್ಮ ಎತ್ತುಗಳಿಗೆ ಹೆರಿಗೆಯಲ್ಲಿ ಯಾವ ತೊಂದರೆಯೂ ಆಗುವುದಿಲ್ಲವೆಂದು ಬರೆಸಿಕೊಳ್ಳಬೇಕೆಂಬುದು ಹಿರಿಯರ ಆಸೆ.

ಆದರೆ ನೀಲಕ್ಕನ ಮುಖ ಮತ್ತೆ ಊದುತ್ತಿದೆ, ಗದ್ದದ ಮೇಲೆ ಕೂದಲು ಮೂಡುತ್ತಿದೆ. ಗಂಟಿದ್ದಾಗಲೂ ಹೀಗೇ ಆಗಿತ್ತು. ತಮ್ಮ ವರದಿಯನ್ನು ಅವಳ ಮುಂದೆ ಗಟ್ಟಿಯಾಗಿ ಓದಿಸಿ ನೋಡಿದೆವು, ಗಂಟಿಗೆ ಇಂಗ್ಲಿಷ್ ಬಾರದೆಂದು ಕಾಣುತ್ತದೆ, ಒಂದು ಕನ್ನಡ ಪ್ರತಿ ದಯಪಾಲಿಸಬೇಕು. ನಮ್ಮ ತಪ್ಪು ನಮಗೀಗ ತಿಳಿದಿದೆ. ಅದನ್ನು ಹೇಳಿಕೊಳ್ಳಲು ಬಂದರೆ, ವರದಿ ಚೆನ್ನಾಗಿರುವ ರೋಗಿಯನ್ನು ಸಾಹೇಬರು ನೋಡುವುದಿಲ್ಲವೆಂದು ತಮ್ಮ ಬಾಗಿಲಿನವರು ತಿರುಗಿ ಕಳಿಸುತ್ತಾರೆ. ತಾವು ಕಾಗದವನ್ನಷ್ಟೇ ನೋಡುವವರಾದ್ದರಿಂದ ಈ ಕಾಗದವನ್ನು ಪತ್ರಿಕೆಯಲ್ಲಿ ಹಾಕಿಸುತ್ತಿದ್ದೇನೆ. ನನಗೆ ಹೆದರಿಕೆಯಾಗಿದೆ, ಸಾಹೇಬರೇ.

ತಮ್ಮ ಕತ್ತರಿಯ ಮೇಲೆ ಪೂರ್ತಿ, ಕಣ್ಣಿನ ಮೇಲೆ ಅರೆಬರೆ ವಿಶ್ವಾಸವುಳ್ಳ,
ಈಶಪ್ಪ

ತಾ.ಕ.: ಬರುವ ಸೋಮವಾರ ನೀಲಕ್ಕನನ್ನೇ ಕರೆತಂದು ತಮ್ಮ ಬಾಗಿಲಲ್ಲಿ ಕೂಡಿಸುತ್ತೇನೆ. ಮುಖದ ಗುರುತು ಹತ್ತದಿದ್ದರೆ ಎಡಪಕ್ಕೆಯ ಹೊಲಿಗೆ ನೋಡಿರಿ; ಹಾಕಿದವರು ತಾವೇ.